ಕರಿ ಚುಕ್ಕಿಗಳ ಹಿಂದೆ

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಹಳೇ ಮನೆಗಳಲ್ಲಿ ಈಗಲೂ ಒಂದೊಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಮಗನೋ ಮಗಳೋ ಎಂಜಿನಿಯರಿಂಗ್ ಸೇರಿದ ವರ್ಷ ಎಸ್.ಪಿ. ರೋಡಿಗೆ ಹೋಗಿ, ಅಂಗಡಿ ಅಂಗಡಿ ಸುತ್ತಿ, ಒಂದೊಂದೇ ಭಾಗ ಆರಿಸಿ ಜೋಡಿಸಿಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಮಕ್ಕಳು ಈಗ ಡಲ್ಲಾಸಿನಲ್ಲೋ ಪುಣೆಯಲ್ಲೋ ಇದ್ದಾರೆ. ಕಂಪ್ಯೂಟರ್ ಮಾತ್ರ ನಡುಮನೆಯ ಮೂಲೆ ಬಿಟ್ಟು ಕದಲಿಲ್ಲ. ಮಾನಿಟರ್ ಮೇಲೊಂದು ಕ್ರೋಷಾ ಹೊದಿಕೆ, ಕೆಳಗೆ ಕರೆಂಟು ಹೋದಾಗಲೆಲ್ಲ ಕುಂಯ್ ಅನ್ನುವ ಯುಪಿಎಸ್ಸು. ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಲು, ಜುಲೈ ಹೊತ್ತಿಗೆ ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕಲು ಆ ಹೊದಿಕೆ ತೆಗೆಯುತ್ತಾರೆ. ಕಂದಾಯದ್ದು ತೊಂದರೆಯಿಲ್ಲ. ಹಳೇ ರಸೀದಿಯಲ್ಲಿರುವ ಅರ್ಜಿ ಸಂಖ್ಯೆ, ಮಾಲೀಕರ ಹೆಸರಿನ ಮೊದಲ ಮೂರು ಅಕ್ಷರ ಹಾಕಿದರೆ ಆಯಿತು. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದವರಿಗೆ ಶೇ 5 ರಿಯಾಯಿತಿಯೂ ಉಂಟು. ಇನ್‌ಕಂ ಟ್ಯಾಕ್ಸಿನದು ಹಾಗಲ್ಲ. ಪ್ಯಾನ್ ನಂಬರೇ ಯೂಸರ್ ಐಡಿ, ಅದು ಕಾರ್ಡಿನಲ್ಲೇ ಇದೆ. ಪಾಸ್‌ವರ್ಡ್?

“ಹೋದ ವರ್ಷ ಹಾಕಿದ್ದೆವಲ್ಲ ರೀ, ಅದೇ.”

“ಅದೇ ಅಂದರೆ ಯಾವುದು?”

ಮಾತು ಇಲ್ಲಿಗೆ ಬಂದು ನಿಂತ ಮನೆಗಳಿಂದ ನನಗೆ ಫೋನು ಬರುತ್ತದೆ. ನಮ್ಮ ಬೀದಿಯವರು, ಬೀಗರು, ವಾಕಿಂಗಿಗೆ ಬರುವ ಸ್ನೇಹಿತರು, ಅವರ ಸ್ನೇಹಿತರು. ಹೋಗಿ ಕೂರುತ್ತೇನೆ, ಕಾಫಿ ಬರುತ್ತದೆ. ನನಗೆ ಈ ಕೆಲಸ ತುಂಬ ಇಷ್ಟ. ಮನೆಯವರು ಅಷ್ಟರಲ್ಲೇ “ಪಾಸ್‌ವರ್ಡ್ ಮರೆತಿರಾ?” ಅನ್ನುವ ಕಡೆ ಬೆರಳು ಇಟ್ಟಿರುತ್ತಾರೆ. ಸ್ವಲ್ಪ ತಾಳಿ ಅನ್ನುತ್ತೇನೆ. ಅದನ್ನು ಒತ್ತಿದರೆ ಹೊಸ ಪಾಸ್‌ವರ್ಡಿಗೆ ದಾರಿ ಮೊಬೈಲಿಗೋ ಇಮೇಲಿಗೋ ಹೋಗುತ್ತದೆ. ಆ ಮೊಬೈಲ್ ನಂಬರು ಮಗ ಪರದೇಶಕ್ಕೆ ಹೋಗುವಾಗ ಬಿಟ್ಟುಕೊಟ್ಟದ್ದಾಗಿರಬಹುದು. ಆ ಇಮೇಲನ್ನು ತೆರೆದು ಎಷ್ಟೋ ವರ್ಷ ಆಗಿರಬಹುದು. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಹೊಸದನ್ನು ಹುಟ್ಟಿಸಲು ಹೊರಡುವ ಮೊದಲು, ಹಳೆಯದು ಎಲ್ಲಿದೆ ಅಂತ ಈ ಪೆಟ್ಟಿಗೆಯೊಳಗೇ ನೋಡಬೇಕು. ಮುಕ್ಕಾಲು ಪಾಲು ಅದು ಅಲ್ಲೇ ಇರುತ್ತದೆ.

ಅಲ್ಲೇ ಯಾಕಿರುತ್ತದೆ, ಬ್ಯಾಂಕಿನವರ ಹತ್ತಿರ ಯಾಕಿರುವುದಿಲ್ಲ ಅನ್ನುವುದು ಸೊಗಸಾದ ಕತೆ. 1960ರ ದಶಕದ ಮೊದಲಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಕಟ್ಟಿದರು. ಒಬ್ಬರ ಕಡತ ಇನ್ನೊಬ್ಬರು ನೋಡದಿರಲಿ ಅಂತ ತಲೆಗೊಂದು ಪಾಸ್‌ವರ್ಡ್ ಕೊಟ್ಟರು. ಎಲ್ಲರ ಪಾಸ್‌ವರ್ಡೂ ಒಂದೇ ಕಡತದಲ್ಲಿ ಇದ್ದ ಹಾಗೇ ಬರೆದಿಟ್ಟಿತ್ತು. ವಾರಕ್ಕೆ ನಾಲ್ಕೇ ಗಂಟೆ ಯಂತ್ರ ಸಿಗುತ್ತಿದ್ದ ಅಲನ್ ಶೆರ್ ಎಂಬ ಸಂಶೋಧಕ 1962ರಲ್ಲಿ ಆ ಕಡತವನ್ನೇ ಮುದ್ರಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಒಳಗೆ ಹೋಗಿ ತನ್ನ ಕೆಲಸ ಮುಗಿಸಿಕೊಂಡ. ಪಾಸ್‌ವರ್ಡ್ ಅನ್ನುವುದು ಕಂಪ್ಯೂಟರಿಗೆ ಬಂದ ಬೆನ್ನಿಗೇ ಕಳವೂ ಬಂತು. ಹಾಗಾಗಿ ಮುಂದಿನವರು ಪಾಸ್‌ವರ್ಡನ್ನು ಬರೆದಿಡುವುದನ್ನೇ ಬಿಟ್ಟರು. ಅದನ್ನು ಒಂದು ಗಣಿತದ ಗಾಣಕ್ಕೆ ಹಾಕಿ, ಬಂದ ಹಿಂಡಿಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ನೀವು ಮತ್ತೆ ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಅದೇ ಗಾಣಕ್ಕೆ ಹಾಕಿ ಎರಡೂ ಒಂದೇ ಏನು ಅಂತ ನೋಡುತ್ತಾರೆ. ಹಿಂಡಿಯಿಂದ ಪಾಸ್‌ವರ್ಡನ್ನು ಮರಳಿ ಪಡೆಯುವ ನೇರ ದಾರಿಯಿಲ್ಲ. ಈ ಕ್ರಮವನ್ನು ಗಟ್ಟಿ ಮಾಡಿದ ರಾಬರ್ಟ್ ಮಾರಿಸ್, ಕೆನ್ ಥಾಮ್ಸನ್ 1979ರಲ್ಲಿ ಒಂದು ಪ್ರಬಂಧ ಬರೆದರು. ಅವರು ಪರೀಕ್ಷೆಗೆ ತೆಗೆದುಕೊಂಡ 3,289 ಪಾಸ್‌ವರ್ಡುಗಳಲ್ಲಿ 2,831 ಸುಲಭವಾಗಿ ಊಹಿಸಬಹುದಾದವೇ ಆಗಿದ್ದವು. ಅಂದಿನಿಂದ ಇಂದಿನವರೆಗೆ ಜನರ ಅಭ್ಯಾಸ ಹೆಚ್ಚು ಬದಲಾಗಿಲ್ಲ.

ಆದ್ದರಿಂದ ನೆಟ್ಟಗೆ ನಡೆಯುವ ಯಾವ ಬ್ಯಾಂಕಿಗೂ, ಯಾವ ಇಲಾಖೆಗೂ ನಿಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಎಷ್ಟು ಕೇಳಿದರೂ ಹೇಳಲಾರರು, ಬದಲಾಯಿಸಿಕೊಳ್ಳಿ ಅನ್ನಬಲ್ಲರು ಅಷ್ಟೆ. ಎಲ್ಲಾದರೂ “ನಿಮ್ಮ ಹಳೇ ಪಾಸ್‌ವರ್ಡ್ ಇದು” ಅಂತ ಮೇಲ್ ಕಳಿಸಿದರೆ ಆ ಕಡೆ ಮತ್ತೆ ತಲೆ ಹಾಕಬೇಡಿ. ನಿಮ್ಮ ಮನೆಯ ಕಂಪ್ಯೂಟರಿನ ಪಾಡು ಬೇರೆ. ಅದು ನಿಮ್ಮ ಪರವಾಗಿ ಆ ಅಕ್ಷರಗಳನ್ನು ಟೈಪ್ ಮಾಡಿ ಕೊಡಬೇಕು. ಹಾಗಾಗಿ ಮರಳಿ ಓದಲು ಬರುವ ರೀತಿಯಲ್ಲೇ ಮುಚ್ಚಿಟ್ಟಿರಬೇಕು.

ನಮ್ಮ ಸಿರಿಭೂವಲಯ ಇಲ್ಲಿ ನೆನಪಾಗುತ್ತದೆ. ಕುಮುದೇಂದು ಮುನಿಯ ಆ ಗ್ರಂಥದಲ್ಲಿ ಅಕ್ಷರವೇ ಇಲ್ಲ. ಉದ್ದಕ್ಕೆ 27, ಅಗಲಕ್ಕೆ 27 ಮನೆಗಳ ಚೌಕ, ಮನೆಮನೆಯಲ್ಲೂ 1ರಿಂದ 64ರೊಳಗಿನ ಒಂದು ಅಂಕಿ. ಯಾವ ಅಂಕಿಗೆ ಯಾವ ಧ್ವನಿ, ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು ಅನ್ನುವುದು ಗೊತ್ತಿದ್ದವರಿಗೆ ಮಾತ್ರ ಪದ್ಯ ಹೊಮ್ಮುತ್ತದೆ. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಅದರ ಹಿಂದೆ ಬಿದ್ದು ದಾರಿ ಹುಡುಕಿ, 1953ರಲ್ಲಿ ಅಚ್ಚಿಗೆ ತಂದರು. ಅದರ ಕಾಲದ ಬಗ್ಗೆ ಪಂಡಿತರ ವಾದ ಇನ್ನೂ ಮುಗಿದಿಲ್ಲ, ಇರಲಿ. ಅಂಕಿಯ ಮರೆಯಲ್ಲಿ ಇಟ್ಟದ್ದನ್ನು ಕ್ರಮ ತಿಳಿದವರು ಮರಳಿ ತೆಗೆಯಬಹುದು ಅನ್ನುವುದಷ್ಟೇ ನನ್ನ ಮಾತಿಗೆ ಬೇಕಾದದ್ದು. ಕಂಪ್ಯೂಟರ್ ಇಟ್ಟುಕೊಂಡ ಪಟ್ಟಿಯೂ ಹಾಗೆಯೇ, ಮರಳಿ ತೆಗೆಯಲು ಬರುವಂಥದ್ದು.

ತೆಗೆಯುವ ಕ್ರಮ ಏನೇನೂ ಕಷ್ಟವಿಲ್ಲ. ಕ್ರೋಮ್ ಬಳಸುವವರು ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸಿನಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಅನ್ನುವಲ್ಲಿಗೆ ಹೋಗಬೇಕು. ಫೈರ್‌ಫಾಕ್ಸಿನ ಮೆನುವಿನಲ್ಲಿ ಪಾಸ್‌ವರ್ಡ್ಸ್ ಅಂತಲೇ ಇದೆ. ಆಪಲ್ ಕಂಪ್ಯೂಟರಿನಲ್ಲಿ ಮೊದಲಿಂದ ಕೀಚೈನ್ ಇತ್ತು, 2024ರಿಂದ ಪಾಸ್‌ವರ್ಡ್ಸ್ ಎಂಬ ಬೇರೆ ಆ್ಯಪನ್ನೇ ಕೊಟ್ಟಿದ್ದಾರೆ. ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ಅಂತ ಇನ್ನೊಂದು ಇದೆ, ಅಲ್ಲೂ ಒಮ್ಮೆ ಕಣ್ಣು ಹಾಯಿಸಬೇಕು. ನೆಂಟರ ಮಕ್ಕಳು ಬಂದ ಕ್ಷಣ ಕೇಳುವ ವೈಫೈ ಪಾಸ್‌ವರ್ಡ್ ವಿಂಡೋಸ್ 11ರ ವೈಫೈ ಸೆಟ್ಟಿಂಗ್ಸಿನಲ್ಲೇ ನೋಡಲು ಸಿಗುತ್ತದೆ. ಹೆಚ್ಚಿನ ಕಡೆ ಹೆಸರು ಕಾಣುತ್ತದೆ, ಅದರ ಮುಂದೆ ಸಾಲಾಗಿ ಕರಿ ಚುಕ್ಕಿಗಳು, ಪಕ್ಕದಲ್ಲಿ ಒಂದು ಕಣ್ಣಿನ ಗುರುತು. ಅದನ್ನು ಒತ್ತಿದರೆ ಕಂಪ್ಯೂಟರ್ ತೆರೆಯುವ ಪಿನ್ ಕೇಳುತ್ತದೆ. ಕೊಟ್ಟರೆ ಚುಕ್ಕಿಗಳು ಅಕ್ಷರವಾಗುತ್ತವೆ.

ಆ ಪಟ್ಟಿ ಮೇಲಿಂದ ಕೆಳಕ್ಕೆ ಸರಿಯುವಾಗ ಮನೆಯವರೆಲ್ಲ ಬಂದು ಕುರ್ಚಿಯ ಹಿಂದೆ ನಿಲ್ಲುತ್ತಾರೆ. ಇನ್‌ಕಂ ಟ್ಯಾಕ್ಸ್ ಹುಡುಕಲು ಬಂದವರು ಅದನ್ನು ಮರೆತು ಒಂದೊಂದೇ ಹೆಸರು ಓದಲು ಶುರು ಮಾಡುತ್ತಾರೆ. ಸಿಇಟಿ ಕೌನ್ಸೆಲಿಂಗಿನದು: ರಾತ್ರಿ ಹನ್ನೆರಡಕ್ಕೆ ಅಪ್ಪ ಮಗಳು ಕೂತು ಕಾಲೇಜುಗಳ ಆದ್ಯತೆ ಏರಿಳಿಸಿದ್ದು. 2014ರ ಸೆಪ್ಟೆಂಬರಿನಲ್ಲಿ ಮುಚ್ಚಿಹೋದ ಆರ್ಕುಟ್. ಮೊದಲ ಕೆಲಸ ಹುಡುಕಲು ಮಾಡಿಕೊಂಡ ಖಾತೆ. ಐಆರ್‌ಸಿಟಿಸಿ ಎರಡು ಸಲ, ಯಾಕೆಂದರೆ ಬೆಳಿಗ್ಗೆ ತತ್ಕಾಲಿಗೆ ಅಪ್ಪನದೊಂದು ಅಮ್ಮನದೊಂದು ಬೇಕಾಗಿತ್ತು. ಮ್ಯಾಟ್ರಿಮೊನಿಯದು. ಅಲ್ಲಿಗೆ ಬಂದಾಗ ಸೊಸೆ ನಗುತ್ತಾಳೆ. ಅಮೆರಿಕದ ವೀಸಾ ಅರ್ಜಿಯದು. ಆಮೇಲೆ ಆಸ್ಪತ್ರೆಯೊಂದರ ರಿಪೋರ್ಟು ನೋಡುವ ಖಾತೆ. ಅಲ್ಲಿ ಯಾರೂ ಏನೂ ಅನ್ನದೆ ಮುಂದಕ್ಕೆ ಸರಿಸುತ್ತಾರೆ.

ಒಂದು ಮನೆ ಇಪ್ಪತ್ತು ವರ್ಷದಲ್ಲಿ ಏನೇನು ಬಯಸಿತು, ಯಾವುದಕ್ಕೆ ಹೆದರಿತು, ಯಾರನ್ನು ಎಲ್ಲಿಗೆ ಕಳಿಸಿತು ಅನ್ನುವುದು ಇಷ್ಟು ಚೊಕ್ಕವಾಗಿ ಇನ್ನೆಲ್ಲೂ ಸಿಗುವುದಿಲ್ಲ ಅಂತ ನನಗೆ ಅನ್ನಿಸಿದೆ. ಫೋಟೋ ಆಲ್ಬಮ್ಮಿನಲ್ಲಿ ಹಬ್ಬದ ಮುಖಗಳು ಮಾತ್ರ ಇರುತ್ತವೆ. ಇಲ್ಲಿ ವಾರದ ದಿನಗಳು ಇವೆ. ಪಾಸ್‌ವರ್ಡುಗಳಲ್ಲೂ ಅಷ್ಟೆ. ಮನೆದೇವರ ಹೆಸರು, ಮಾರಿಬಿಟ್ಟ ಸ್ಕೂಟರಿನ ನಂಬರು, ಬಿಟ್ಟುಬಂದ ಊರಿನ ಹೆಸರು, ಮೊಮ್ಮಗುವನ್ನು ಕರೆಯುವ ಮುದ್ದಿನ ಹೆಸರು. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದರಿಂದ ಒಂದೇ ಮಾತಿಗೆ ನಾಲ್ಕು ಕಾಗುಣಿತ. ದೀರ್ಘಕ್ಕೆ ಎರಡು ‘ಎ’ ಹಾಕಿದ್ದೋ ಒಂದೋ, ‘ತ’ದ ಮುಂದೆ ‘ಎಚ್’ ಇತ್ತೋ ಇಲ್ಲವೋ. ಇಲ್ಲಿ ಮರೆತು ಹೋಗುವುದು ಬಹಳ ಸಲ ಮಾತಲ್ಲ, ಕಾಗುಣಿತ.

ಒಂದು ಎಚ್ಚರಿಕೆಯನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ. ವಿಂಡೋಸಿನಲ್ಲಿ ಈ ಪಟ್ಟಿಗೆ ಹಾಕಿದ ಬೀಗ ನೀವು ಕಂಪ್ಯೂಟರ್ ತೆರೆಯುವ ಪಾಸ್‌ವರ್ಡಿನ ಜೊತೆ ಹೆಣೆದುಕೊಂಡಿರುತ್ತದೆ. ಅದನ್ನೇ ಮರೆತಾಗ ರಿಪೇರಿಯವರು ಹೊರಗಿನಿಂದ ಬಲವಂತವಾಗಿ ಬದಲಾಯಿಸಿ ಕೊಡುತ್ತಾರೆ. ಕಂಪ್ಯೂಟರ್ ತೆರೆದುಕೊಳ್ಳುತ್ತದೆ, ಫೋಟೋಗಳು ಕಾಣುತ್ತವೆ, ಎಲ್ಲರಿಗೂ ಸಂತೋಷ. ಆದರೆ ಉಳಿಸಿಟ್ಟ ಪಾಸ್‌ವರ್ಡುಗಳು ಮತ್ತೆ ಓದಲು ಬಾರದ ಹಾಗೆ ಮುಚ್ಚಿಕೊಂಡುಬಿಡಬಹುದು. ಗೂಗಲ್ ಖಾತೆಯ ಜೊತೆ ಸಿಂಕ್ ಆಗಿದ್ದರೆ ಆ ಕಡೆಯಿಂದ ಬಂದಾವು, ಇಲ್ಲದಿದ್ದರೆ ಹೋದವು. ಫಾರ್ಮ್ಯಾಟ್ ಮಾಡಿಸಿದರಂತೂ ಏನೂ ಉಳಿಯುವುದಿಲ್ಲ. ರಿಪೇರಿಗೆ ಕೊಡುವ ಹಿಂದಿನ ದಿನ ಕೂತು ಪಟ್ಟಿ ನೋಡಿ, ಬೇಕಾದದ್ದನ್ನು ಕೈಯಲ್ಲಿ ಬರೆದುಕೊಳ್ಳಿ.

2024ರ ಅಕ್ಟೋಬರಿನಲ್ಲಿ, ಮನೆ ಸೈಟುಗಳ ಖಾತೆಯನ್ನು ಡಿಜಿಟಲ್ ಮಾಡಿಸಿಕೊಳ್ಳುವ ಇ-ಖಾತಾ ಗಡಿಬಿಡಿ ಶುರುವಾದಾಗ ನಮ್ಮ ಕಡೆ ಈ ಹುಡುಕಾಟ ಇದ್ದಕ್ಕಿದ್ದಂತೆ ಏರಿತು. ಕ್ರಯಪತ್ರದ ನಂಬರು ಬೇಕು, ಕಂದಾಯದ ಅರ್ಜಿ ಸಂಖ್ಯೆ ಬೇಕು, ಬೆಸ್ಕಾಂ ಖಾತೆಯ ನಂಬರು ಬೇಕು, ಆಧಾರ್ ಬೇಕು, ಮನೆಯ ಫೋಟೋ ಬೇಕು. ಸೈಟು ತಗೊಂಡವರು ಅಜ್ಜ, ಮನೆ ಕಟ್ಟಿದವರು ಅಪ್ಪ, ಎಲ್ಲವನ್ನೂ ಸ್ಕ್ಯಾನ್ ಮಾಡಿ ತಮ್ಮ ಮೇಲಿಗೆ ತಾವೇ ಕಳಿಸಿಟ್ಟುಕೊಂಡವರೂ ಅಪ್ಪನೇ. ಅಪ್ಪ ಈಗಿಲ್ಲ. ಮೇಲ್ ಇದೆ. ಅದರ ಪಾಸ್‌ವರ್ಡ್ ಮೂಲೆಯ ಕಂಪ್ಯೂಟರಿನಲ್ಲಿದೆ. ಪಾಲಿಕೆ 2025ರ ಸೆಪ್ಟೆಂಬರಿನಲ್ಲಿ ಐದಾಗಿ, ನಾವೆಲ್ಲ ಪಶ್ಚಿಮ ನಗರ ಪಾಲಿಕೆಯವರಾದೆವು. ಕಾಗದ ಕೇಳುವುದು ಮಾತ್ರ ನಿಂತಿಲ್ಲ.

ಹೋದವರ ಪಾಸ್‌ವರ್ಡ್ ಹುಡುಕುವುದು ಹಗುರ ಕೆಲಸವಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರ ಉರುಳಿದಾಗ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಒಂದೇ ಸಂಸ್ಥೆಯ 658 ಜನ ತೀರಿಕೊಂಡರು. ಉಳಿದವರು ವ್ಯವಹಾರ ನಡೆಸಬೇಕಾದರೆ ಸತ್ತವರ ಕಂಪ್ಯೂಟರ್ ತೆರೆಯಬೇಕಾಗಿತ್ತು. ಅವರ ಮನೆಗಳಿಗೆ ಫೋನು ಮಾಡಿ ಮದುವೆಯ ದಿನ ಯಾವುದು, ಮಕ್ಕಳ ಹೆಸರೇನು, ಸಾಕಿದ ನಾಯಿಯ ಹೆಸರೇನು ಅಂತ ಕೇಳಿದರು. ಅಳುತ್ತಿದ್ದವರನ್ನು ಹಾಗೆ ಕೇಳುವುದು ಎಷ್ಟು ಕಷ್ಟವಾಗಿರಬೇಕು. ಜನ ತಮಗೆ ಪ್ರಿಯವಾದದ್ದನ್ನೇ ಪಾಸ್‌ವರ್ಡ್ ಮಾಡಿಕೊಳ್ಳುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ ಇಂಥ ಹೊತ್ತಿನಲ್ಲಿ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಹೋದವರ ಬ್ಯಾಂಕ್ ಖಾತೆಯೊಳಗೆ ಅವರ ಪಾಸ್‌ವರ್ಡ್ ಹಾಕಿ ಹೋಗಬಾರದು, ದುಡ್ಡು ವರ್ಗಾಯಿಸಬಾರದು, ಮಗನಾದರೂ ಅಷ್ಟೇ. ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೇ ಹೋಗಬೇಕು, ನಾಮಿನಿಗೆ ಅದರದೇ ದಾರಿಯಿದೆ. ಹಾಗಾದರೆ ಪಟ್ಟಿಯಿಂದ ಪ್ರಯೋಜನವೇನು? ಪಟ್ಟಿಯಲ್ಲಿ ಬ್ಯಾಂಕುಗಳ ಹೆಸರುಗಳಿವೆಯಲ್ಲ! ಯಾವ್ಯಾವ ಬ್ಯಾಂಕು, ಯಾವ ವಿಮೆ, ಯಾವ ಮ್ಯೂಚುವಲ್ ಫಂಡು ಅನ್ನುವುದೇ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ಚುಕ್ಕಿಗಳನ್ನು ತೆರೆಯದೆಯೂ ಅದು ತಿಳಿಯುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ವಾರಸುದಾರರು ಕೇಳಿ ಪಡೆಯಬಹುದು. ಅಂಥ ಠೇವಣಿಗಳನ್ನು ಹುಡುಕಲೆಂದೇ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಉದ್ಗಮ್ ಎಂಬ ಪೋರ್ಟಲ್ ತೆರೆಯಿತು. ಇದು ನಮ್ಮ ಜನರಿಗೆ ಗೊತ್ತೇ ಇಲ್ಲ, ಗೊತ್ತಾಗಬೇಕು.

ಮನೆಯಲ್ಲಿ ಕಂಪ್ಯೂಟರೇ ಇಲ್ಲದವರ ಪಾಸ್‌ವರ್ಡ್ ಎಲ್ಲಿರುತ್ತದೆ? ಅದರ ಉತ್ತರ ನನ್ನನ್ನು ಬಹಳ ಕಾಡುತ್ತದೆ. ಕೆಂಗೇರಿಯ ಕಡೆ ಹೋದರೆ ಬಸ್ ಸ್ಟ್ಯಾಂಡಿನ ಸುತ್ತ, ಒಳರಸ್ತೆಗಳಲ್ಲಿ, ಜೆರಾಕ್ಸ್ ಅಂಗಡಿಗಳೇ ಸೈಬರ್ ಸೆಂಟರುಗಳಾಗಿವೆ. ಸೇವಾ ಸಿಂಧು, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಪ್ಯಾನ್ ಕಾರ್ಡ್, ಪಿಎಫ್ ಅಂತ ಹೊರಗೆ ಬೋರ್ಡಿರುತ್ತದೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಹೆಣ್ಣುಮಕ್ಕಳು ಪಿಎಫ್ ದುಡ್ಡು ತೆಗೆಯಲು ಇಲ್ಲಿಗೇ ಬರುತ್ತಾರೆ. “ಅಣ್ಣ, ನನ್ನ ಯುಎಎನ್ ಓಪನ್ ಮಾಡಿಕೊಡಿ” ಅಂತ ಕಾರ್ಡು ಚಾಚುತ್ತಾರೆ. ಅಂಗಡಿಯ ಹುಡುಗನೇ ಪಾಸ್‌ವರ್ಡ್ ಹುಟ್ಟಿಸುತ್ತಾನೆ, ಹೆಚ್ಚಿನವರಿಗೂ ಒಂದೇ ಮಾದರಿಯದು, ಹೆಸರು ಅಟ್ 123. ಬ್ರೌಸರ್ “ಉಳಿಸಿಕೊಳ್ಳಲೇ?” ಅಂತ ಕೇಳುತ್ತದೆ, ಅವನು ಹೂಂ ಅನ್ನುತ್ತಾನೆ. ಬಹುತೇಕ ಹುಡುಗರು ಒಳ್ಳೆಯವರು. ಮುಂದಿನ ಸಲ ಆಕೆ ಬಂದಾಗ ಬೇಗ ಕೆಲಸ ಆಗಲಿ ಅಂತಲೇ ಹಾಗೆ ಮಾಡುವುದು. ಆದರೆ ಒಂದು ಜೀವಮಾನದ ಉಳಿತಾಯದ ಕೀಲಿ ಆಕೆಗೆ ಗೊತ್ತಿಲ್ಲ, ಅಂಗಡಿಯ ಪೆಟ್ಟಿಗೆಗೆ ಗೊತ್ತು. ಪಿಎಫ್ ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿದಾಗ, 2016ರ ಏಪ್ರಿಲ್‌ನಲ್ಲಿ ಇದೇ ಊರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದು ಆ ನಿಯಮವನ್ನೇ ವಾಪಸ್ ತೆಗೆಸಿದರು. ಅಷ್ಟು ಹೋರಾಡಿ ಉಳಿಸಿಕೊಂಡ ದುಡ್ಡಿನ ಪಾಸ್‌ವರ್ಡ್ ಅವರ ಕೈಯಲ್ಲೇ ಇರಬೇಕು. ಮೊಬೈಲಿಗೆ ಒಟಿಪಿ ಬರುತ್ತದೆ, ಅದೊಂದು ಕಾವಲು, ನಿಜ. ಅದನ್ನೂ “ಎಷ್ಟಮ್ಮ ನಂಬರು?” ಅಂತ ಕೇಳಿದರೆ ಕೌಂಟರಿನ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಡಪ್ಪ, ನಿನ್ನ ಕಂಪ್ಯೂಟರಿನಿಂದ ಅಳಿಸು ಅಂತ ಕೇಳುವ ಹಕ್ಕು ಆಕೆಗೆ ಇದೆ. ಕೇಳಿದರೆ ಆ ಹುಡುಗರು ಇಲ್ಲ ಅನ್ನುವುದಿಲ್ಲ. ಬೇರೆಯವರ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಬೇಕು, ತಡವಾದಷ್ಟೂ ಕಷ್ಟ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರಲ್ಲಿ.

ಬ್ರೌಸರಿನಲ್ಲಿ ಉಳಿಸಿದ್ದನ್ನು ಕದಿಯುವುದಕ್ಕೇ ಬರೆದ ಕಳ್ಳ ತಂತ್ರಾಂಶಗಳೂ ಇವೆ. ರೆಡ್‌ಲೈನ್ ಎಂಬುದನ್ನು 2024ರ ಅಕ್ಟೋಬರಿನಲ್ಲಿ ಡಚ್ ಪೊಲೀಸರ ಮುಂದಾಳ್ತನದಲ್ಲಿ ಹಲವು ದೇಶಗಳು ಕೂಡಿ ಮಟ್ಟ ಹಾಕಿದವು. ಬೇರೆ ಹೆಸರಿನವು ಇನ್ನೂ ಓಡಾಡುತ್ತಿವೆ. ಪುಕ್ಕಟೆ ಸಿಗುತ್ತದೆ ಅಂತ ಇಳಿಸಿಕೊಂಡ ಕದ್ದ ಸಾಫ್ಟ್‌ವೇರಿನ ಬೆನ್ನೇರಿ ಅವು ಬರುವುದು ಹೆಚ್ಚು. ಹಳೇ ಕಂಪ್ಯೂಟರ್ ಗುಜರಿಗೆ ಹಾಕುವಾಗ ಹಾರ್ಡ್ ಡಿಸ್ಕ್ ಮನೆಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟರೆ ಏನೂ ನಷ್ಟವಿಲ್ಲ.

ಹಾಗಾದರೆ ಎಲ್ಲಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ವಯಸ್ಸಾದವರಿಗೆ ನಾನು ಹೇಳುವುದು ಒಂದು ನೋಟ್‌ಬುಕ್ಕು, ಬೀರುವಿನಲ್ಲಿ. ಕೆಲವರು ಅಯ್ಯೋ ಬರೆದಿಡಬಾರದಂತಲ್ಲ ಅನ್ನುತ್ತಾರೆ. ಆಫೀಸಿನ ಮೇಜಿನ ಮೇಲೆ ಬರೆದಿಡಬಾರದು ಸರಿ. ದೂರದ ದೇಶದಲ್ಲಿ ಕೂತ ಕಳ್ಳ ನಿಮ್ಮ ಬೀರುವಿಗೆ ಕೈ ಹಾಕಲಾರ. ಅಂಕಿ ಬೇಕು, ಚಿಹ್ನೆ ಬೇಕು, ಆಗಾಗ ಬದಲಾಯಿಸಬೇಕು ಅನ್ನುವ ನಿಯಮಗಳನ್ನು 2003ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಗೆ ಬರೆದುಕೊಟ್ಟವರು ಬಿಲ್ ಬರ್. 2017ರಲ್ಲಿ ಆ ಸಂಸ್ಥೆಯೇ ಅವನ್ನು ಸಡಿಲಿಸಿತು, ಬರ್ ಅವರೂ ಬರೆದದ್ದಕ್ಕೆ ವಿಷಾದ ಹೇಳಿದರು. ಚಿಹ್ನೆಗಳ ಕಾಟಕ್ಕಿಂತ ಉದ್ದನೆಯ ಪಾಸ್‌ವರ್ಡೇ ಒಳ್ಳೆಯದು ಅಂತ ಈಗ ತಿಳಿದವರು ಹೇಳುತ್ತಾರೆ. ಅದನ್ನು ನೆನಪಿಟ್ಟುಕೊಳ್ಳಲು ಆಗದಿದ್ದರೆ ಬರೆದಿಡಿ. ಮಕ್ಕಳಿಗೆ ಆ ಪುಸ್ತಕ ಎಲ್ಲಿದೆ ಅಂತ ಹೇಳಿರಿ. ತಮ್ಮ ನಂತರ ಖಾತೆ ಯಾರಿಗೆ ಸಲ್ಲಬೇಕು ಅಂತ ಈಗಲೇ ಗುರುತು ಹಾಕುವ ಸೌಲಭ್ಯವನ್ನು ಗೂಗಲ್ 2013ರಲ್ಲೇ ಕೊಟ್ಟಿದೆ, ಆಪಲ್ 2021ರಲ್ಲಿ ಕೊಟ್ಟಿತು. ಬಳಸಿದವರನ್ನು ನಮ್ಮ ಕಡೆ ನಾನು ಕಂಡದ್ದು ತೀರಾ ಕಡಿಮೆ.

ಬಸವೇಶ್ವರನಗರದಲ್ಲಿ ನಮಗೆ ಬೇಕಾದ ಮೇಷ್ಟರೊಬ್ಬರಿದ್ದರು. ಗ್ಯಾಸು, ಕರೆಂಟು, ಬ್ಯಾಂಕು ಎಲ್ಲವನ್ನೂ ತಾವೇ ನೋಡಿಕೊಂಡವರು. ಅವರು ಹೋದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿದರು. ಪಟ್ಟಿ ತೆರೆದೆವು. ಅಮ್ಮನಿಗೆ ಗೊತ್ತಿಲ್ಲದ ಬ್ಯಾಂಕುಗಳೂ ಅದರಲ್ಲಿದ್ದವು, ಹೆಸರುಗಳನ್ನಷ್ಟೇ ಬರೆದುಕೊಂಡರು. ಕೊನೆಗೆ ಕೇಳಿದರು, “ಇದರಲ್ಲಿ ನನ್ನದು ಯಾವುದು?” ಒಂದೂ ಇರಲಿಲ್ಲ. ಹಾಗಾದರೆ ಮೊದಲು ನನ್ನದೊಂದು ಮಾಡಿಕೊಡಿ ಅಂದರು. ಅವರ ಹೆಸರಿನಲ್ಲಿ ಇಮೇಲ್ ತೆರೆಯಲು ಕೂತೆವು. ಪಾಸ್‌ವರ್ಡ್ ಕೇಳುವ ಜಾಗ ಬಂದಾಗ, “ನೀವು ಸ್ವಲ್ಪ ಆ ಕಡೆ ತಿರುಗಿ” ಅಂದರು. ತಿರುಗಿದೆ. ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಉಳಿಸಿಕೊಳ್ಳಲೇ ಅಂತ ಕಂಪ್ಯೂಟರ್ ಕೇಳಿತು.

“ಒತ್ತಲಾ?”

“ನಿಮ್ಮ ಮನೆ ಕಂಪ್ಯೂಟರ್ ಅಮ್ಮ, ಒತ್ತಿ.”

ಒತ್ತಿದರು. ಆಮೇಲೆ ಉದ್ಗಮ್ ತೆರೆದು ಮೇಷ್ಟರ ಹೆಸರು ಹಾಕಿ ಹುಡುಕಲು ಶುರು ಮಾಡಿದೆವು.